ಕರಾವಳಿಯ ಮನೆಗೆ ಎಂಥ ಎಲ್‌ಇಡಿ ಬಲ್ಬು: ಏಳು ವರ್ಷ ಬಳಸಿದ ಮೇಲಿನ ವಿಮರ್ಶೆ

ಕಳೆದ ಮೇ ತಿಂಗಳ ಒಂದು ಸಂಜೆ ಘಟ್ಟದ ಕಡೆಯಿಂದ ಎದ್ದುಬಂದ ಗುಡುಗು ಮಳೆ ಉಡುಪಿ ಜಿಲ್ಲೆಯ ಶಂಕರಪುರದ ನಮ್ಮ ಮನೆಯ ಮೇಲೆ ಸುರಿದದ್ದು ಅರ್ಧ ಗಂಟೆಯಷ್ಟೇ. ತೋಟದ ಆಚೆ ಎಲ್ಲೋ ಸಿಡಿಲು ಬಡಿದ ಸದ್ದಿಗೆ ಕರೆಂಟು ಹೋಯಿತು; ಹತ್ತು ನಿಮಿಷದಲ್ಲಿ ಮರಳಿದಾಗ ಮನೆಯ 16 ಬಲ್ಬುಗಳಲ್ಲಿ 5 ಉರಿಯಲಿಲ್ಲ. ಆ ಐದರಲ್ಲಿ ನಾಲ್ಕು ಒಂದೇ ಕಂಪನಿಯವು, ಒಂದೇ ದಿನ ಒಂದೇ ಅಂಗಡಿಯಿಂದ ತಂದವು, ಹದಿನಾಲ್ಕು ತಿಂಗಳಷ್ಟೇ ಹಳೆಯವು. ಪೆಟ್ಟಿಗೆಯ ಮೇಲೆ 25,000 ಗಂಟೆ ಬಾಳಿಕೆ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು. ದಿನಕ್ಕೆ ಆರು ಗಂಟೆ ಉರಿಸಿದರೆ ಅದು ಹನ್ನೊಂದು ವರ್ಷಕ್ಕೂ ಮಿಕ್ಕಿದ ಆಯುಸ್ಸು. ಏಳು ವರ್ಷಗಳಿಂದ ಮನೆಯ ಬಲ್ಬುಗಳನ್ನು ತಂದ ದಿನ, ಕೆಟ್ಟ ದಿನ, ಹಾಕಿದ ಜಾಗ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಆ ಪುಸ್ತಕವನ್ನು ತೆರೆದಿಟ್ಟುಕೊಂಡು, ನಮ್ಮ ಕಡೆಯ ಮನೆಗಳಿಗೆ ಎಲ್‌ಇಡಿ ಬಲ್ಬನ್ನು ಆರಿಸುವಾಗ ಏನನ್ನು ನೋಡಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಟ್ಟ ಐದನ್ನೂ ಮರುದಿನ ಹೋಲ್ಡರಿನಿಂದ ತೆಗೆದು ಮೇಜಿನ ಮೇಲೆ ಬಿಚ್ಚಿದೆ. ಹಾಲುಬಣ್ಣದ ಪ್ಲಾಸ್ಟಿಕ್ ಬುರುಡೆಯನ್ನು ಹಿಡಿದು ತುಸು ತಿರುಚಿದರೆ ಅಂಟು ಬಿಟ್ಟು ಕೈಗೆ ಬರುತ್ತದೆ. ಅದರಡಿಯಲ್ಲಿ ಬಿಳಿ ಬಳಿದ ಅಲ್ಯೂಮಿನಿಯಂ ತಟ್ಟೆ, ತಟ್ಟೆಯ ಮೇಲೆ ಸಾಸಿವೆಗಿಂತ ತುಸು ದೊಡ್ಡದಾದ ಹಳದಿ ಚುಕ್ಕೆಗಳು. ಬೆಳಕು ಬರುವುದು ಆ ಚುಕ್ಕೆಗಳಿಂದ. ನಾಲ್ಕು ಬಲ್ಬುಗಳಲ್ಲಿ ಚುಕ್ಕೆಗಳೆಲ್ಲ ನೆಟ್ಟಗಿದ್ದವು. ತಟ್ಟೆಯನ್ನು ಎಬ್ಬಿಸಿದಾಗ ಕೆಳಗಿನ ಸಣ್ಣ ಸರ್ಕಿಟ್ಟಿನಲ್ಲಿ ಒಂದು ಮೂಲೆ ಕರಕಲಾಗಿ ಸುಟ್ಟ ವಾಸನೆ ಬರುತ್ತಿತ್ತು. ಐದನೆಯದರ ಕಥೆ ಬೇರೆ. ಅದರ ಸರ್ಕಿಟ್ಟು ಚೆನ್ನಾಗಿಯೇ ಇತ್ತು, ಆದರೆ ಒಂದು ಚುಕ್ಕೆಯ ನಡುವೆ ಸೂಜಿಮೊನೆಯಷ್ಟು ಕಪ್ಪು ಕಲೆಯಿತ್ತು. ಚುಕ್ಕೆಗಳನ್ನು ಸಾಲಾಗಿ ಒಂದರ ಹಿಂದೆ ಒಂದು ಜೋಡಿಸಿರುವುದರಿಂದ ಒಂದು ಸತ್ತರೆ ಸಾಲಿಗೆ ಸಾಲೇ ಆರುತ್ತದೆ. ಆ ಬಲ್ಬು ಇದ್ದದ್ದು ಬಚ್ಚಲಿನಲ್ಲಿ, ಮುಚ್ಚಿದ ಗಾಜಿನ ಗೋಳದೊಳಗೆ. ಅದು ಸಿಡಿಲಿಗಿಂತ ಹೆಚ್ಚಾಗಿ ಸೆಕೆಗೆ ಸತ್ತದ್ದು ಎಂದೇ ನನ್ನ ತೀರ್ಮಾನ.

ಈ ಎರಡು ಬಗೆಯ ಸಾವನ್ನು ತಿಳಿದುಕೊಂಡರೆ ಆಯ್ಕೆಯ ಅರ್ಧ ಕೆಲಸ ಮುಗಿಯಿತು. ಹಳೆಯ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿಯೇ ಕಾದು ಬೆಳಗಿ, ಸಾವಿರ ಗಂಟೆಯ ಆಸುಪಾಸಿನಲ್ಲಿ ತುಂಡಾಗುತ್ತಿತ್ತು. ಎಲ್‌ಇಡಿಯ ಚುಕ್ಕೆ ಸಾಮಾನ್ಯವಾಗಿ ಹಾಗೆ ಒಮ್ಮೆಲೇ ಸಾಯುವುದಿಲ್ಲ, ವರ್ಷಗಳು ಕಳೆದಂತೆ ನಿಧಾನವಾಗಿ ಮಂಕಾಗುತ್ತದೆ. ಪೆಟ್ಟಿಗೆಯ ಮೇಲಿನ ಗಂಟೆಗಳ ಲೆಕ್ಕ ಸಾಮಾನ್ಯವಾಗಿ ಬೆಳಕು ಮೊದಲಿನ ನೂರಕ್ಕೆ 70ರಷ್ಟಕ್ಕೆ ಇಳಿಯುವ ತನಕದ ಅವಧಿಯನ್ನು ಹೇಳುತ್ತದೆ. ಆದರೆ ಮನೆಯ 230 ವೋಲ್ಟಿನ ಕರೆಂಟನ್ನು ಚುಕ್ಕೆಗಳಿಗೆ ಒಗ್ಗುವ ಹಾಗೆ ಮಾಡಿಕೊಡುವ ಡ್ರೈವರ್ ಎಂಬ ಸರ್ಕಿಟ್ಟು ಅಷ್ಟು ಕಾಲ ಬಾಳುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಡ್ರೈವರಿನಲ್ಲಿ ಪುಟ್ಟ ಡಬ್ಬಿಯಂತಹ ಒಂದು ಕೆಪ್ಯಾಸಿಟರ್ ಇರುತ್ತದೆ. ಅದರೊಳಗಿನ ದ್ರವ ಬಿಸಿಗೆ ಆರುತ್ತಾ ಹೋಗುತ್ತದೆ. ಅದರ ಸುತ್ತಲಿನ ಬಿಸಿ ಪ್ರತಿ 10 ಡಿಗ್ರಿ ಏರಿದಂತೆ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕೆಲಸದವರೆಲ್ಲ ಬಳಸುವ ಲೆಕ್ಕ. ಎಪ್ರಿಲ್ ತಿಂಗಳ ನಮ್ಮ ಸೆಕೆಯಲ್ಲಿ, ಗಾಳಿಯಾಡದ ಗೋಳದೊಳಗೆ ಕೂತ ಬಲ್ಬಿಗೆ ಹನ್ನೊಂದು ವರ್ಷದ ಮಾತು ಸಲ್ಲುವುದಿಲ್ಲ. ಮುಚ್ಚಿದ ಗೋಳಕ್ಕೆ ಹಾಕಲೇಬೇಕಾದರೆ ಕಡಿಮೆ ವ್ಯಾಟಿನದನ್ನು ಹಾಕಬೇಕು; ನಾನು ಈಗ ಬಚ್ಚಲಿಗೆ 5 ವ್ಯಾಟಿನದನ್ನು ಹಾಕಿ, ಗೋಳವನ್ನು ತೆಗೆದು ಅಟ್ಟಕ್ಕೆ ಸೇರಿಸಿದ್ದೇನೆ.

ಸಿಡಿಲಿನ ವಿಷಯವನ್ನು ಇನ್ನಷ್ಟು ಒತ್ತಿ ಹೇಳಬೇಕು, ಏಕೆಂದರೆ ಬಲ್ಬುಗಳ ಬಗ್ಗೆ ಬರುವ ಬರಹಗಳಲ್ಲಿ ಇದಕ್ಕೆ ಒಂದು ಸಾಲಿನ ಜಾಗವೂ ಸಿಗುವುದಿಲ್ಲ. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಮಳೆಗಾಲಕ್ಕೆ ಮೊದಲಿನ ಎಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಮಳೆಗಾಲ ಹಿಂದೆ ಸರಿಯುವ ಅಕ್ಟೋಬರಿನಲ್ಲಿ ಗುಡುಗು ಸಿಡಿಲು ವಾಡಿಕೆ. ಸಿಡಿಲು ಮನೆಗೇ ಬಡಿಯಬೇಕೆಂದಿಲ್ಲ; ದೂರದ ಲೈನಿಗೆ ಬಡಿದರೂ ತಂತಿಯ ಗುಂಟ ಸರ್ಜ್ ಎನ್ನುವ ಕ್ಷಣಮಾತ್ರದ ಏರು ವೋಲ್ಟೇಜು ಹರಿದುಬರುತ್ತದೆ. ಅದನ್ನು ತಡೆಯಲು ಒಳ್ಳೆಯ ಬಲ್ಬಿನ ಡ್ರೈವರಿನಲ್ಲಿ ವೇರಿಸ್ಟರ್ ಎಂಬ ಬಿಡಿಭಾಗವನ್ನು ಇಟ್ಟಿರುತ್ತಾರೆ. ನೋಡಲು ಎರಡು ಕಾಲಿರುವ ಸಣ್ಣ ಬಿಲ್ಲೆ, ಸಾಮಾನ್ಯವಾಗಿ ನೀಲಿ ಬಣ್ಣದ್ದು. ಹೆಚ್ಚುವರಿ ವೋಲ್ಟೇಜನ್ನು ಅದು ತನ್ನ ಮೂಲಕ ಹರಿಯಲು ಬಿಟ್ಟು ಉಳಿದ ಭಾಗವನ್ನು ಕಾಯುತ್ತದೆ. ನಾನು ಬಿಚ್ಚಿದ ನಾಲ್ಕರಲ್ಲೂ ಆ ಬಿಲ್ಲೆ ಕೂರಬೇಕಾದ ಜಾಗದಲ್ಲಿ ಎರಡು ಖಾಲಿ ತೂತುಗಳಿದ್ದವು. ಅಂದರೆ ವಿನ್ಯಾಸ ಮಾಡಿದವರಿಗೆ ಅದರ ಅಗತ್ಯ ಗೊತ್ತಿತ್ತು, ತಯಾರಿಸುವಾಗ ಕೈಬಿಟ್ಟರು. ಇದು ನನಗೆ ತುಂಬಾ ಬೇಸರ ತಂದ ಸಂಗತಿ. ಅದೇ ಸಂಜೆ ಅದೇ ಮನೆಯಲ್ಲಿ, ಪೆಟ್ಟಿಗೆಯ ಮೇಲೆ 4 ಕಿಲೋವೋಲ್ಟ್ ಸರ್ಜ್ ರಕ್ಷಣೆ ಎಂದು ಬರೆದಿದ್ದ ಆರು ಬಲ್ಬುಗಳು ಏನೂ ಆಗದೆ ಉಳಿದವು. ಪೆಟ್ಟಿಗೆಯಲ್ಲಿ 2.5 ಅಥವಾ 4 ಕಿಲೋವೋಲ್ಟ್ ಎಂದು ಬರೆದಿದ್ದರೆ 4ನ್ನೇ ಆರಿಸಬೇಕು. ಏನೂ ಬರೆದಿಲ್ಲದಿದ್ದರೆ ನಮ್ಮ ಊರಿಗೆ ಅದು ಬೇಡ. ಮನೆಯ ಹತ್ತಿರವೇ ಬಡಿದ ಸಿಡಿಲಿಗೆ ಯಾವ ಬಲ್ಬೂ ತಡೆಯುವುದಿಲ್ಲ ಎಂಬುದೂ ನಿಜ. ಗುಡುಗು ಸಮೀಪಿಸಿದಾಗ ಮೈನ್ ಸ್ವಿಚ್ ಇಳಿಸುವ ಹಿರಿಯರ ಕ್ರಮವನ್ನು ಬಿಡಬಾರದು.

ಅಂಗಡಿಗೆ ಹೋದರೆ ಮೊದಲ ಪ್ರಶ್ನೆ, "ಎಷ್ಟು ವ್ಯಾಟ್ ಬೇಕು ಮಾರಾಯ್ರೆ?" ಎರಡನೆಯದು, "ವೈಟೋ ಯೆಲ್ಲೋವೋ?" ಇವೆರಡಕ್ಕೆ ಉತ್ತರ ಸಿಕ್ಕಿದರೆ ಬಲ್ಬು ಕೈಗೆ ಬರುತ್ತದೆ. ವ್ಯಾಟ್ ಎಂಬುದು ಬಲ್ಬು ತಿನ್ನುವ ಕರೆಂಟಿನ ಲೆಕ್ಕವೇ ಹೊರತು ಅದು ಕೊಡುವ ಬೆಳಕಿನ ಲೆಕ್ಕವಲ್ಲ. ಎಲ್ಲ ಬಲ್ಬುಗಳೂ ಒಂದೇ ಬಗೆಯಾಗಿದ್ದ ಕಾಲದಲ್ಲಿ ನಲವತ್ತು, ಅರವತ್ತು, ನೂರು ಎಂದರೆ ಬೆಳಕಿನ ಅಂದಾಜು ಸಿಗುತ್ತಿತ್ತು. ಈಗ ನೋಡಬೇಕಾದದ್ದು ಬೆಳಕಿನ ಪ್ರಮಾಣದ ಅಳತೆಯಾದ ಲ್ಯೂಮೆನ್. ಹಳೆಯ 60 ವ್ಯಾಟಿನ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. ಇಂದಿನ ಒಳ್ಳೆಯ 9 ವ್ಯಾಟಿನ ಎಲ್‌ಇಡಿ 800ರಿಂದ 900 ಕೊಡುತ್ತದೆ. ಅದೇ 9 ವ್ಯಾಟಿನ ಅಗ್ಗದ ಬಲ್ಬಿನಲ್ಲಿ 650 ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ನಾನು ಕಂಡಿದ್ದೇನೆ. ಪ್ರತಿ ವ್ಯಾಟಿಗೆ ನೂರು ಲ್ಯೂಮೆನ್‌ನ ಆಸುಪಾಸು ಇದ್ದರೆ ಸರಿ. ತೀರಾ ಕೆಳಗಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಬಿಟ್ಟುಬಿಡುವುದು ಒಳ್ಳೆಯದು. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಯಡಿ, ನಮ್ಮ ರಾಜ್ಯದಲ್ಲಿ 'ಹೊಸ ಬೆಳಕು' ಎಂಬ ಹೆಸರಿನಲ್ಲಿ, ಎಲ್‌ಇಡಿ ಬಲ್ಬುಗಳನ್ನು ಅಗ್ಗದ ದರದಲ್ಲಿ ಹಂಚಿದಾಗ ಬಹುತೇಕ ಮನೆಗಳಿಗೆ ಮೊದಲ ಬಾರಿ ಬಂದದ್ದು 9 ವ್ಯಾಟಿನ ಬಲ್ಬು. ಅಂದಿನಿಂದ ಎಲ್ಲ ಜಾಗಕ್ಕೂ ಒಂಬತ್ತೇ ಎಂಬ ರೂಢಿ ನಮ್ಮಲ್ಲಿ ಬೇರೂರಿದೆ.

ಆ ರೂಢಿ ಹೆಂಚಿನ ಮನೆಗೆ ಒಪ್ಪುವುದಿಲ್ಲ. ತಾರಸಿ ಮನೆಯ ಬಿಳಿ ಸ್ಲ್ಯಾಬು ಮತ್ತು ಬಿಳಿ ಗೋಡೆ ಬೆಳಕನ್ನು ತಿರುಗಿ ಕೋಣೆಗೆ ಎಸೆಯುತ್ತವೆ. ಹೆಂಚಿನ ಮನೆಯ ಕಪ್ಪಾದ ಪಕ್ಕಾಸು, ಹಲಸಿನ ಮರದ ಕಂಬ, ಕಾವಿ ನೆಲ ಎಲ್ಲವೂ ಬೆಳಕನ್ನು ನುಂಗುತ್ತವೆ. ನಮ್ಮ ಹಳೆಯ ಭಾಗದ ಚಾವಡಿಯಲ್ಲಿ ಹನ್ನೆರಡು ಅಡಿ ಎತ್ತರದ ತೊಲೆಗೆ ಹೊಡೆದ ಹೋಲ್ಡರಿನಲ್ಲಿ 9 ವ್ಯಾಟಿನ ಬಲ್ಬು ಉರಿಯುತ್ತಿದ್ದಾಗ ನೆಲದಲ್ಲಿ ಕೂತವರಿಗೆ ಪೇಪರು ಓದಲು ಆಗುತ್ತಿರಲಿಲ್ಲ. 12 ವ್ಯಾಟಿಗೆ ಏರಿಸಿದೆ, ಆಮೇಲೆ 15ಕ್ಕೆ. ಕೊನೆಗೆ ಪರಿಹಾರವಾದದ್ದು ವ್ಯಾಟಿನಿಂದಲ್ಲ, ಎರಡು ಮೀಟರು ವಯರು ಮತ್ತು ಒಂದು ತೂಗುವ ಹೋಲ್ಡರಿನಿಂದ. ಬಲ್ಬನ್ನು ಹನ್ನೆರಡು ಅಡಿಯಿಂದ ಏಳು ಅಡಿಗೆ ಇಳಿಸಿದರೆ ಅದರ ನೇರ ಕೆಳಗಿನ ನೆಲಕ್ಕೆ ಬೀಳುವ ಬೆಳಕು ಮೂರು ಪಟ್ಟಿನ ಹತ್ತಿರಕ್ಕೆ ಬರುತ್ತದೆ, ಏಕೆಂದರೆ ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಹಳೆಯ ಬಲ್ಬು ಸುತ್ತಲೂ ಬೆಳಕು ಚೆಲ್ಲುತ್ತಿತ್ತು, ಎಲ್‌ಇಡಿ ಬಲ್ಬು ಹೆಚ್ಚಾಗಿ ತನ್ನ ಮುಖದ ಕಡೆಗೆ ಚೆಲ್ಲುತ್ತದೆ. ಗೋಡೆಯ ಆ್ಯಂಗಲ್ ಹೋಲ್ಡರಿನಲ್ಲಿ ಅದನ್ನು ಹಾಕಿದರೆ ಎದುರು ಗೋಡೆ ಬೆಳಗುತ್ತದೆ, ಕೆಳಗೆ ಕೂತವರ ಮಡಿಲು ಕತ್ತಲಾಗುತ್ತದೆ.

ಬಣ್ಣದ ವಿಷಯಕ್ಕೆ ಬರುವಾಗ ನಾನು ಅಮ್ಮನ ಬಗ್ಗೆ ಹೇಳಲೇಬೇಕು. ಅಮ್ಮನಿಗೆ ಈಗ ಎಪ್ಪತ್ತೊಂದು. ಇಂದಿಗೂ ಬೆಳಕು ಹರಿಯುವ ಮುನ್ನ ಮಲ್ಲಿಗೆ ಮೊಗ್ಗು ಕೊಯ್ದು ತಂದು ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವು ಮಾರುವ ಕಟ್ಟೆಗೆ ಹೋಗುವ ಹೊತ್ತಿಗೆ ಲೆಕ್ಕ ತಪ್ಪಬಾರದು, ಕಂದಿದ ಮೊಗ್ಗು ನಡುವೆ ಸೇರಬಾರದು. ಜಗಲಿಗೆ ನಾನು ಮೊದಲು ಹಾಕಿದ್ದು ಅಂಗಡಿಯವರು ವೈಟ್ ಎನ್ನುವ 6500 ಕೆಲ್ವಿನ್‌ನ ಬಲ್ಬು. ಕೆಲ್ವಿನ್ ಎಂಬುದು ಬೆಳಕಿನ ಬಣ್ಣವನ್ನು ಹೇಳುವ ಅಳತೆ. ಬೆಳಕು ಬೇಕಾದಷ್ಟಿತ್ತು. ಆದರೂ ಎರಡು ವಾರದಲ್ಲಿ ಅಮ್ಮ, "ಕಣ್ಣಿಗೆ ಕುಕ್ಕುತ್ತದೆ ಮಗಾ, ಮೊಗ್ಗೆಲ್ಲ ಒಂದೇ ಥರ ಕಾಣುತ್ತದೆ" ಎಂದರು. ವಯಸ್ಸಿನಿಂದಾಗಿ ಹಾಗನ್ನಿಸುತ್ತದೆ ಎಂದು ನಾನು ಸುಮ್ಮನಾದೆ. ಅದು ನನ್ನ ತಪ್ಪು. ವಯಸ್ಸಾದ ಕಣ್ಣಿಗೆ ಹೆಚ್ಚು ಬೆಳಕು ಬೇಕೆಂಬುದು ನಿಜ, ಆದರೆ ಪೊರೆ ಬೆಳೆಯತೊಡಗಿದ ಕಣ್ಣಿನಲ್ಲಿ ಪ್ರಖರ ಬೆಳಕು, ಅದರಲ್ಲೂ ನೀಲಿ ಅಂಶ ಹೆಚ್ಚಿರುವ ಬೆಳಕು, ಒಳಗೆ ಚದುರಿ ಮಬ್ಬು ಕವಿಸುತ್ತದೆ.

ಬಿಳಿ ಎಲ್‌ಇಡಿಯಲ್ಲಿ ನೀಲಿ ಏಕೆ ಹೆಚ್ಚು ಎಂದರೆ ಅದು ಹುಟ್ಟುವುದೇ ನೀಲಿಯಾಗಿ. ಕೆಂಪು ಮತ್ತು ಹಸಿರು ಎಲ್‌ಇಡಿಗಳು ದಶಕಗಳಿಂದ ಇದ್ದವು. ಪ್ರಖರವಾದ ನೀಲಿಯನ್ನು ಗ್ಯಾಲಿಯಂ ನೈಟ್ರೈಡಿನಿಂದ ಸಾಧಿಸಿದವರು ಇಸಾಮು ಅಕಸಾಕಿ, ಹಿರೋಷಿ ಅಮಾನೊ ಮತ್ತು ಶೂಜಿ ನಾಕಾಮುರಾ. ಅದಕ್ಕಾಗಿ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಮೂವರಿಗೂ ಸಂದಿತು. ಆ ನೀಲಿಯ ಮೇಲೆ ಫಾಸ್ಫರ್ ಎಂಬ ಹಳದಿ ವಸ್ತುವಿನ ಲೇಪ ಬಳಿದಾಗ ನೀಲಿಯ ಒಂದು ಭಾಗ ಹಳದಿಯಾಗಿ ಮಾರ್ಪಟ್ಟು, ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಬಲ್ಬನ್ನು ಬಿಚ್ಚಿದಾಗ ಕಂಡ ಹಳದಿ ಚುಕ್ಕೆಗಳ ಹಳದಿ ಅದೇ ಲೇಪ. ಲೇಪದ ಹದ ಬದಲಾದಂತೆ ಬಣ್ಣ ಬದಲಾಗುತ್ತದೆ: 2700–3000 ಕೆಲ್ವಿನ್ ಎಂದರೆ ಹಳೆಯ ಬಲ್ಬಿನ ಹೊಂಬಣ್ಣ, 4000 ಎಂದರೆ ಎಳೆಬಿಸಿಲಿನ ಹತ್ತಿರದ ತಿಳಿ ಬಿಳುಪು, 6500 ಎಂದರೆ ನೀಲಿ ಬೆರೆತ ಬಿಳುಪು. ಈ 4000ದ ಬಲ್ಬನ್ನು ನಮ್ಮ ಅಂಗಡಿಗಳಲ್ಲಿ ಕೇಳಿ ಪಡೆಯಬೇಕು; ವೈಟ್ ಮತ್ತು ಯೆಲ್ಲೋ ಎಂಬ ಎರಡು ಮಾತುಗಳ ನಡುವೆ ಅದಕ್ಕೆ ಹೆಸರೇ ಇಲ್ಲ. ಉಡುಪಿಯ ಮೂರು ಅಂಗಡಿ ತಿರುಗಿ, ನಾಲ್ಕನೆಯದರಲ್ಲಿ ನ್ಯೂಟ್ರಲ್ ವೈಟ್ ಎಂದು ಬರೆದ 10 ವ್ಯಾಟಿನದು ಸಿಕ್ಕಿತು. ಅದನ್ನು ಏಳು ಅಡಿ ಎತ್ತರಕ್ಕೆ, ಅಮ್ಮನ ನೆತ್ತಿಗಿಂತ ತುಸು ಹಿಂದೆ, ಎಡಬದಿಗೆ ತೂಗುಹಾಕಿದ ಮೇಲೆ ಕುಕ್ಕುವ ಮಾತು ಮತ್ತೆ ಬಂದಿಲ್ಲ. ಬಲಗೈಯಲ್ಲಿ ನಾರು ಸುತ್ತುವಾಗ ಬೆರಳಿನ ನೆರಳು ಹೂವಿನ ಮೇಲೆ ಬೀಳಬಾರದು ಎಂದು ಎಡಬದಿ. ಅದನ್ನು ಸೂಚಿಸಿದವರು ಅಮ್ಮನೇ.

ಕೆಲ್ವಿನ್ ಒಂದೇ ಆದರೂ ಎರಡು ಬಲ್ಬುಗಳಡಿ ಒಂದೇ ವಸ್ತು ಬೇರೆ ಬೇರೆ ಬಣ್ಣದಲ್ಲಿ ಕಾಣಬಹುದು. ಇದನ್ನು ಅಳೆಯುವ ಅಂಕಿಗೆ ಸಿಆರ್‌ಐ ಎನ್ನುತ್ತಾರೆ. ಅದರ ಗರಿಷ್ಠ 100, ಹಳೆಯ ತಂತಿಯ ಬಲ್ಬು ಹೆಚ್ಚುಕಡಿಮೆ ಅಷ್ಟನ್ನೇ ಮುಟ್ಟುತ್ತಿತ್ತು. ಈಗಿನ ಮನೆ ಬಲ್ಬುಗಳಲ್ಲಿ ಹೆಚ್ಚಿನವು 80ರ ಆಸುಪಾಸಿನವು, ಕೆಲವು ಮಾತ್ರ 90 ದಾಟುತ್ತವೆ. ನೀಲಿ ಮತ್ತು ಹಳದಿಯಿಂದ ಕಟ್ಟಿದ ಬಿಳುಪಿನಲ್ಲಿ ಕಡುಗೆಂಪಿನ ಪಾಲು ಸಣ್ಣದು, ಹಾಗಾಗಿ ಮೊದಲು ಸೊರಗುವುದು ಕೆಂಪು. ಅಡುಗೆಮನೆಗೆ ಬಲ್ಬು ತರಲು ಹೋದಾಗ ನಾನು ಕಾಗದದಲ್ಲಿ ನಾಲ್ಕು ಬ್ಯಾಡಗಿ ಮೆಣಸು ಸುತ್ತಿಕೊಂಡು ಹೋಗಿದ್ದೆ. ಅಂಗಡಿಯ ಪರೀಕ್ಷೆಯ ಹಲಗೆಯಲ್ಲಿ ಎರಡು ಬಲ್ಬು ಅಕ್ಕಪಕ್ಕ ಹಚ್ಚಿಸಿ ಮೆಣಸನ್ನು ಹಿಡಿದಾಗ ಒಂದರಡಿ ಅದು ಮನೆಯಲ್ಲಿ ಹಗಲಿಗೆ ಕಂಡ ಬಣ್ಣದಲ್ಲೇ ಇತ್ತು, ಇನ್ನೊಂದರಡಿ ಹಳತಾದ ಮೆಣಸಿನಂತೆ ಕಂದು ತಿರುಗಿತು. ಮೀನು ಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ಬಂಗುಡೆಯ ಕಿವಿರು ಕೆಂಪಗಿದೆಯೇ ಎಂದು ರಾತ್ರಿ ದೀಪದಡಿ ಎತ್ತಿ ನೋಡುವವರು ನೋಡುತ್ತಿರುವುದು ಅರ್ಧ ಮೀನನ್ನು, ಅರ್ಧ ಬಲ್ಬನ್ನು. ಯಕ್ಷಗಾನ ಬಯಲಾಟದ ರಂಗಸ್ಥಳದಲ್ಲೂ ಇದೇ ಮಾತು ನನ್ನ ಮನಸ್ಸಿಗೆ ಬರುತ್ತದೆ: ದೀವಟಿಗೆ, ಗ್ಯಾಸ್‌ಲೈಟುಗಳ ಹೊಂಬೆಳಕಿನಲ್ಲಿ ಬೆಳೆದ ಬಣ್ಣದ ವೇಷದ ಮುಖವರ್ಣಿಕೆಯ ಕೆಂಪು, ನೀಲಿ ಬೆರೆತ ಎಲ್‌ಇಡಿಯ ಎದುರು ಅದೇ ಕೆಂಪಾಗಿ ಉಳಿಯುವುದಿಲ್ಲ.

ಮಕ್ಕಳು ಓದುವ ಮೇಜಿಗೆ ಬಲ್ಬು ಆರಿಸುವವರು ಮಿಣುಕನ್ನು ಪರೀಕ್ಷಿಸಬೇಕು. ನಮ್ಮ ಕರೆಂಟು ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಡ್ರೈವರ್ ಸರಿಯಿಲ್ಲದ ಬಲ್ಬಿನ ಬೆಳಕು ಅದರೊಂದಿಗೆ ಸೆಕೆಂಡಿಗೆ ನೂರು ಬಾರಿ ಏರಿಳಿಯುತ್ತದೆ. ಕಣ್ಣಿಗೆ ಅದು ನೇರವಾಗಿ ಕಾಣುವುದಿಲ್ಲ, ಆದರೆ ಕೆಲವರಿಗೆ ತಲೆನೋವು ತರುತ್ತದೆ. ಬಲ್ಬಿನಡಿ ಪೆನ್ಸಿಲನ್ನು ಬೀಸಣಿಗೆಯಂತೆ ಬೇಗಬೇಗ ಆಡಿಸಿದಾಗ ಅದರ ಬಿಡಿಬಿಡಿ ನೆರಳುಗಳು ಸಾಲಾಗಿ ಕಂಡರೆ, ಅಥವಾ ಮೊಬೈಲಿನ ನಿಧಾನಗತಿಯ ವಿಡಿಯೊದಲ್ಲಿ ಬೆಳಕು ಮಿಟುಕಿದರೆ, ಆ ಬಲ್ಬನ್ನು ಓದುವ ಜಾಗಕ್ಕೆ ಹಾಕಬಾರದು. ಡ್ರೈವರನ್ನು ಚುಕ್ಕೆಗಳ ತಟ್ಟೆಯ ಮೇಲೆಯೇ ಕೂರಿಸಿ, ಕೆಪ್ಯಾಸಿಟರನ್ನು ಕೈಬಿಟ್ಟ ಅಗ್ಗದ ಬಲ್ಬುಗಳಲ್ಲಿ ಈ ದೋಷ ಹೆಚ್ಚು. ಅಂಗಡಿಯಲ್ಲಿ ಒಂದು ನಿಮಿಷದ ಕೆಲಸ. ಯಾವ ಅಂಗಡಿಯವರೂ ಈ ತನಕ ನನಗೆ ಬೇಡವೆಂದಿಲ್ಲ.

ಉಳಿದ ಜಾಗಗಳನ್ನು ಬೇಗ ಹೇಳಿಬಿಡುತ್ತೇನೆ. ಮಲಗುವ ಕೋಣೆಗೆ 3000 ಕೆಲ್ವಿನ್ ಮೀರಬಾರದು, ರಾತ್ರಿಯ ಹೊತ್ತು ನೀಲಿ ಬೆಳಕು ನಿದ್ದೆಯನ್ನು ದೂರ ತಳ್ಳುತ್ತದೆ. ದೇವರ ಕೋಣೆಗೂ ಅದೇ ಹೊಂಬಣ್ಣ, 3 ವ್ಯಾಟ್ ಧಾರಾಳ. ನಂದಾದೀಪದ ಬೆಳಕು ಬಲ್ಬಿನೆದುರು ಸೋಲಬಾರದು. ಅಂಗಳದ ದೀಪಕ್ಕೂ ಹಳದಿಯೇ ಒಳ್ಳೆಯದು, ಏಕೆಂದರೆ ಹುಳಹುಪ್ಪಟೆ ನೀಲಿ ಬಿಳುಪಿಗೆ ಹೆಚ್ಚು ಮುತ್ತುತ್ತವೆ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಗೆದ್ದಲು ಏಳುವಾಗ ಈ ವ್ಯತ್ಯಾಸ ನಮ್ಮ ಅಂಗಳದಲ್ಲಿ ಎದ್ದು ಕಂಡಿತು. ಮಳೆ ಎರಚುವ ಜಾಗಕ್ಕೆ ಬಲ್ಬಿನ ಬದಲು ಐಪಿ65 ಎಂದು, ಅಂದರೆ ನೀರಿನ ಎರಚಲು ಒಳಹೋಗದು ಎಂದು, ನಮೂದಿಸಿದ ಹೊರಾಂಗಣ ದೀಪವನ್ನೇ ಹಾಕಿಸಬೇಕು.

ಬಲ್ಬಿನ ದೋಷವೆಂದು ನಾವು ಭಾವಿಸುವ ಎರಡು ತೊಂದರೆಗಳು ಬಲ್ಬಿನವಲ್ಲ. ಒಂದು, ಬಲ್ಬು ಉರಿಯುವಾಗ ಸಣ್ಣಗೆ ಚಿಟಿಚಿಟಿ ಸದ್ದು ಮಾಡುತ್ತಾ ಮಿನುಗುವುದು. ಕಡಲ ಕಡೆಯ ಉಪ್ಪುಗಾಳಿಗೆ ಮತ್ತು ಮಳೆಗಾಲದ ತೇವಕ್ಕೆ ಹೋಲ್ಡರಿನ ಒಳಗಿನ ಹಿತ್ತಾಳೆಯ ಕಡ್ಡಿಗಳು ಹಸಿರುಗಟ್ಟುತ್ತವೆ, ಅವುಗಳ ಸ್ಪ್ರಿಂಗು ಸಡಿಲವಾಗುತ್ತದೆ. ನಾನು ಒಂದೇ ಜಾಗದಲ್ಲಿ ಎರಡು ವರ್ಷದಲ್ಲಿ ಮೂರು ಬಲ್ಬು ಕಳೆದುಕೊಂಡ ಮೇಲೆ ಎಲೆಕ್ಟ್ರಿಶಿಯನ್ ಬಂದು ಹೋಲ್ಡರನ್ನೇ ಬದಲಿಸಿದರು; ನಾಲ್ಕನೆಯ ಬಲ್ಬು ಈಗ ನಾಲ್ಕನೆಯ ವರ್ಷದಲ್ಲಿದೆ. ಬಲ್ಬಿಗೆ ನೂರು ರೂಪಾಯಿ ಕೊಡುವವರು ಹೋಲ್ಡರು ಹಳತಾಗಿದ್ದರೆ ಅದಕ್ಕೂ ಒಂದಷ್ಟು ಕೊಡಬೇಕು. ಇನ್ನೊಂದು, ಸ್ವಿಚ್ ಆರಿಸಿದ ಮೇಲೂ ಕತ್ತಲಲ್ಲಿ ಬಲ್ಬು ಮಂದವಾಗಿ ಬೆಳಗುತ್ತಿರುವುದು. ಹಳೆಯ ವಯರಿಂಗಿನಲ್ಲಿ ಸ್ವಿಚ್ಚನ್ನು ಕರೆಂಟು ಬರುವ ಫೇಸ್ ತಂತಿಗೆ ಕೊಡುವ ಬದಲು ಮರಳುವ ನ್ಯೂಟ್ರಲ್ ತಂತಿಗೆ ಕೊಟ್ಟಿದ್ದರೆ, ಅಥವಾ ಸ್ವಿಚ್ಚಿನಲ್ಲಿ ಸಣ್ಣ ಸೂಚಕ ದೀಪವಿದ್ದರೆ, ಸೋರುವ ಅಷ್ಟಿಷ್ಟು ಕರೆಂಟೇ ಎಲ್‌ಇಡಿಗೆ ಸಾಕಾಗುತ್ತದೆ. ಮೊದಲನೆಯ ಕಾರಣವಾಗಿದ್ದರೆ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟು ಜೀವಂತವಾಗಿರುತ್ತದೆ. ಬಲ್ಬು ಬದಲಿಸುವ ಕೈಗೆ ಅದು ಅಪಾಯ; ತಡಮಾಡದೆ ಸರಿಪಡಿಸಿಕೊಳ್ಳಬೇಕು.

ಕರೆಂಟು ಹೋದಾಗಲೂ ಉರಿಯುವ, ಒಳಗೆ ಬ್ಯಾಟರಿಯಿರುವ ಇನ್ವರ್ಟರ್ ಬಲ್ಬುಗಳನ್ನೂ ಎರಡು ತಂದು ನೋಡಿದೆ. ಜೂನ್–ಜುಲೈಯ ಗಾಳಿಮಳೆಗೆ ಮರ ಬಿದ್ದು ಲೈನು ತುಂಡಾಗುವ ನಮ್ಮ ಕಡೆ ಇವು ಉಪಯುಕ್ತವೇ. ಪೆಟ್ಟಿಗೆಯಲ್ಲಿ ನಾಲ್ಕು ಗಂಟೆ ಎಂದಿತ್ತು. ಹೊಸತರಲ್ಲಿ ಮೂರೂವರೆ ಗಂಟೆ ಬಂತು, ಎರಡನೆಯ ಮಳೆಗಾಲಕ್ಕೆ ಒಂದೂವರೆಗೆ ಇಳಿಯಿತು. ದಿನವೂ ಕೆಲ ಹೊತ್ತು ಉರಿಯುವ ಜಾಗಕ್ಕೇ ಹಾಕಬೇಕು, ಇಲ್ಲವಾದರೆ ಬ್ಯಾಟರಿ ತುಂಬುವುದಿಲ್ಲ. ಸಿಡಿಲಿಗೆ ಹೆದರಿ ಮೈನ್ ಸ್ವಿಚ್ ಇಳಿಸಿದಾಗ ನಮ್ಮ ಮನೆಯಲ್ಲಿ ಇವೆರಡೂ ಉರಿಯಲಿಲ್ಲ ಎಂಬುದನ್ನೂ ಹೇಳಬೇಕು. ಮೆಟ್ಟಿಲ ಬಳಿ ಒಂದು ಇದ್ದರೆ ಸಾಕು. ಮನೆಯ ತುಂಬ ಬೇಡ.

ಅಂಗಡಿಯ ಆಯ್ಕೆಯೂ ಬಲ್ಬಿನ ಆಯ್ಕೆಯಷ್ಟೇ ಮುಖ್ಯ. ಕೆಟ್ಟ ನಾಲ್ಕು ಬಲ್ಬುಗಳಿಗೆ ಎರಡು ವರ್ಷದ ವಾರಂಟಿ ಇತ್ತು, ಬಿಲ್ಲೂ ನನ್ನಲ್ಲಿತ್ತು. ಆದರೂ ಅಂಗಡಿಯವರು ಸಿಡಿಲಿಗೆ ಹೋದದ್ದು ವಾರಂಟಿಗೆ ಸೇರುವುದಿಲ್ಲ ಎಂದರು, ಕಂಪನಿಯ ಸಹಾಯವಾಣಿಯವರು ಅಂಗಡಿಯವರನ್ನೇ ಕೇಳಿ ಎಂದರು. ಹದಿನೈದು ದಿನ ಅಲೆದು ಕೈಬಿಟ್ಟೆ. ಆಮೇಲೆ ನಾನು ಹಿಡಿದದ್ದು ಪೇಟೆಯ ಇನ್ನೊಂದು ಸಣ್ಣ ಅಂಗಡಿಯನ್ನು. ಅಲ್ಲಿನವರು ಬಲ್ಬನ್ನು ಹಚ್ಚಿ ತೋರಿಸಿ, ಅದರ ಬಿಳಿ ಕೊರಳಿನ ಮೇಲೆ ಮಾರ್ಕರ್ ಪೆನ್ನಿನಿಂದ ಆ ದಿನದ ತಾರೀಕು ಬರೆದು ಕೊಡುತ್ತಾರೆ. ಬಿಲ್ಲು ಕಳೆದರೂ ತಾರೀಕು ಬಲ್ಬಿನ ಮೈಮೇಲೆಯೇ ಇರುತ್ತದೆ. ಒಂದು ಬಾರಿ ಕೆಟ್ಟದ್ದನ್ನು ಒಯ್ದಾಗ ಕೊರಳನ್ನು ತಿರುಗಿಸಿ ನೋಡಿ ಹೊಸದನ್ನು ಕೊಟ್ಟರು. ಎಲ್ಲಿ ಕೊಂಡರೂ ಪೆಟ್ಟಿಗೆಯ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು, ಐಎಸ್ 16102 ಎಂಬ ಮಾನಕದ ಸಂಖ್ಯೆ ಮತ್ತು ಆರ್ ಅಕ್ಷರದ ಮುಂದೆ ಎಂಟು ಅಂಕಿಗಳ ನೋಂದಣಿ ಸಂಖ್ಯೆ ಇರಬೇಕು. ಇಂಧನ ದಕ್ಷತಾ ಬ್ಯೂರೋದ (ಬಿಇಇ) ನಕ್ಷತ್ರದ ಪಟ್ಟಿಯಲ್ಲಿ ಪ್ರತಿ ವ್ಯಾಟಿಗೆ ಎಷ್ಟು ಲ್ಯೂಮೆನ್ ಎಂಬುದೂ ಸಿಗುತ್ತದೆ. ಇವು ಯಾವುವೂ ಇಲ್ಲದ, ಜಾತ್ರೆಯಲ್ಲಿ ರಾಶಿ ಹಾಕಿ ಮಾರುವ ಬಲ್ಬುಗಳನ್ನು ಕೊಳ್ಳಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅಂಥವುಗಳಲ್ಲಿ ಲೋಹದ ಭಾಗಕ್ಕೆ ಕರೆಂಟು ತಗಲುವ ಭಯವೂ ಇದೆ. ಹೋಲ್ಡರು ಎರಡು ಕಡ್ಡಿಯ ಬಿ22 ಬಗೆಯದೋ ತಿರುಪಿನ ಇ27 ಬಗೆಯದೋ ಎಂಬುದನ್ನೂ ಮನೆಯಲ್ಲೇ ನೋಡಿಕೊಂಡು ಹೋಗಬೇಕು. ಅಲಂಕಾರದ ದೀಪಗಳಲ್ಲಿ ಹೆಚ್ಚಾಗಿ ತಿರುಪಿನದೇ ಇರುತ್ತದೆ.

ಗೃಹಜ್ಯೋತಿಯಿಂದ ಬಿಲ್ಲೇ ಇಲ್ಲವಾದ ಮೇಲೆ ಇಷ್ಟೆಲ್ಲ ಲೆಕ್ಕ ಏಕೆ ಎಂದು ಕೇಳಿದವರಿದ್ದಾರೆ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಆ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಸಿಗುವುದಿಲ್ಲ. ಮನೆಯ ಹಿಂದಿನ ಸರಾಸರಿ ಬಳಕೆಗೆ ತುಸು ಸೇರಿಸಿದಷ್ಟು ಮಾತ್ರ ಉಚಿತ, ಅದನ್ನು ಮೀರಿದ ಯೂನಿಟ್ಟಿಗೆ ಮೆಸ್ಕಾಂಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ದಿನಕ್ಕೆ ಐದು ಗಂಟೆ ಉರಿಯುವ ಒಂದು ಹಳೆಯ 60 ವ್ಯಾಟಿನ ಬಲ್ಬು ತಿಂಗಳಿಗೆ 9 ಯೂನಿಟ್ ತಿನ್ನುತ್ತದೆ, 9 ವ್ಯಾಟಿನ ಎಲ್‌ಇಡಿ 1.35 ಯೂನಿಟ್. ಸೆಕೆಗಾಲದಲ್ಲಿ ಫ್ಯಾನು, ಪಂಪು ಎರಡೂ ಓಡುವ ತಿಂಗಳು ಮಿತಿಯ ಅಂಚಿನಲ್ಲಿ ನಿಲ್ಲುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ. ಅಂಥ ತಿಂಗಳ ಸಂಜೆಗಳಲ್ಲಿ ವೋಲ್ಟೇಜು ಬಿದ್ದಾಗಲೂ ಉರಿಯಬೇಕಾದರೆ ಪೆಟ್ಟಿಗೆಯಲ್ಲಿ 100ರಿಂದ 300 ವೋಲ್ಟ್ ಎಂಬ ವ್ಯಾಪ್ತಿ ಇದೆಯೇ ಎಂದು ನೋಡಬೇಕು. 220–240 ಎಂದಷ್ಟೇ ಬರೆದ ಒಂದು ಬಲ್ಬು ನಮ್ಮಲ್ಲಿ ಪಂಪು ಚಾಲೂ ಆದಾಗಲೆಲ್ಲ ಕಣ್ಣು ಮಿಟುಕಿಸುತ್ತಿತ್ತು.

ಕೆಟ್ಟ ಐದರ ಜಾಗಕ್ಕೆ ಮೇ ಕೊನೆಯಲ್ಲಿ ತಂದವು ಇವು: ಜಗಲಿಗೆ 4000 ಕೆಲ್ವಿನ್‌ನ 10 ವ್ಯಾಟ್, ಅಡುಗೆಮನೆಗೆ ಸಿಆರ್‌ಐ 90ರ 12 ವ್ಯಾಟ್, ಚಾವಡಿಗೆ 3000 ಕೆಲ್ವಿನ್‌ನ 9 ವ್ಯಾಟಿನವು ಎರಡು, ಬಚ್ಚಲಿಗೆ 5 ವ್ಯಾಟ್. ಐದರಲ್ಲೂ 4 ಕಿಲೋವೋಲ್ಟ್ ಸರ್ಜ್ ರಕ್ಷಣೆಯಿದೆ, ಐದರ ಕೊರಳಲ್ಲೂ ತಾರೀಕು ಇದೆ. ಒಟ್ಟು ವೆಚ್ಚ ಮೊದಲಿನ ಐದಕ್ಕಿಂತ ಇನ್ನೂರ ಎಂಬತ್ತು ರೂಪಾಯಿ ಹೆಚ್ಚು. ಅಕ್ಟೋಬರಿನಲ್ಲಿ ಮೂರು ಸಂಜೆ ಜೋರು ಗುಡುಗಿತು. ಅದರಲ್ಲಿ ಒಂದು ದಿನ ನಾವು ಮನೆಯಲ್ಲಿರಲಿಲ್ಲ, ಮೈನ್ ಇಳಿಸುವವರಿರಲಿಲ್ಲ. ರಾತ್ರಿ ಬಂದು ಜಗಲಿಯ ಸ್ವಿಚ್ ಹಾಕಿದಾಗ ಬಲ್ಬು ಹತ್ತಿತು. ಒಳಗೆ ಹೋಗಿ ಉಳಿದ ನಾಲ್ಕನ್ನೂ ಒಂದೊಂದಾಗಿ ಹಾಕಿ ನೋಡಿ ಪುಸ್ತಕದಲ್ಲಿ ಬರೆದಿಟ್ಟೆ.